ಗುರುತಿಲ್ಲದ ಹದಿನೆಂಟು ಕ್ಯಾನು

ಅವನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಅದು ಅವನ ಹೆಂಡತಿಗೆ ಗೊತ್ತಿತ್ತು, ಗುರುತಿನ ಚೀಟಿಗೆ ಗೊತ್ತಿತ್ತು. ಮಿಕ್ಕವರಿಗೆಲ್ಲ ಅವನು ಮೂಗಣ್ಣ. ಮೂಗು ದೊಡ್ಡದಿತ್ತೆಂದು ಬಂದ ಹೆಸರಲ್ಲ. ನೋಡಿದರೆ ಸಾಧಾರಣ ಮೂಗೇ, ತುದಿಯಲ್ಲಿ ಕೊಂಚ ಚಪ್ಪಟೆ. ಆದರೆ ಆ ಚಪ್ಪಟೆ ಮೂಗು ಪೆಟ್ರೋಲಿನ ಜಾತಕ ಹೇಳುತ್ತಿತ್ತು. ಇದರಲ್ಲಿ ಸೀಮೆಎಣ್ಣೆ ಬೆರೆಸಿದ್ದಾರೆ, ಇದು ತಿಂಗಳುಗಟ್ಟಲೆ ಡ್ರಮ್ಮಿನಲ್ಲಿ ಕೂತು ಸತ್ತ ಪೆಟ್ರೋಲು, ಇದು ನಿನ್ನೆ ತಾನೇ ಟ್ಯಾಂಕರಿನಿಂದ ಇಳಿದದ್ದು ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದ.

ಅವನು ಕೆಲಸ ಮಾಡುತ್ತಿದ್ದ ಗ್ಯಾರೇಜು ಅಜ್ಜಂದಿರ ಕಾಲದ ಜೀಪುಗಳನ್ನು ಗುಜರಿಯಿಂದ ಎತ್ತಿ ತಂದು ಓಡುವಂತೆ ಮಾಡುವ ಜಾಗ. ವರ್ಷಕ್ಕೆರಡು ಸಲ ಆ ಜೀಪುಗಳಲ್ಲೇ ಮರಳುಗಾಡು ದಾಟಿಸುವ ಪ್ರವಾಸ. ಇಂಥ ಹುಚ್ಚಿಗೂ ಜನ ಸಿಗುತ್ತಾರೆ, ಸಾಲು ನಿಲ್ಲುತ್ತಾರೆ. ಪ್ರವಾಸಕ್ಕೆ ಎಷ್ಟು ಪೆಟ್ರೋಲು ಬೇಕು, ಎಲ್ಲಿ ತುಂಬಿಸಬೇಕು, ತುಂಬಿಸಿದ್ದು ಯೋಗ್ಯವೋ ಅಲ್ಲವೋ ಎಂಬುದೆಲ್ಲ ಮೂಗಣ್ಣನ ಪಾಲಿನ ಕೆಲಸ. ಒಂದು ತಗಡಿನ ಮುಚ್ಚಳದಲ್ಲಿ ಒಂದು ಚಮಚ ಪೆಟ್ರೋಲು ಹೊಯ್ದುಕೊಳ್ಳುವನು. ಎಡಗಣ್ಣು ಮುಚ್ಚುವನು. ಬಗ್ಗಿ ಒಮ್ಮೆ ಉಸಿರು ಎಳೆಯುವನು. ಚೆನ್ನಾಗಿದ್ದರೆ ಮುಚ್ಚಳದ ಅಂಚಿಗೆ ಬೆರಳಿನಿಂದ ಎರಡು ತಟ್ಟು. ಇಲ್ಲದಿದ್ದರೆ ಮುಚ್ಚಳ ನೆಲಕ್ಕೆ ಬೋರಲು. ಆ ಎರಡು ತಟ್ಟಿಗಾಗಿ ಗ್ಯಾರೇಜಿನ ಧಣಿಯೂ ಕೈಕಟ್ಟಿ ಕಾಯುತ್ತಿದ್ದರು.

ಹೀಗೆ ಕಾಯಿಸಿಕೊಂಡವನ ತಲೆಗೆ ಕೊಂಬು ಮೂಡದೆ ಇರುತ್ತದೆಯೇ? ಮೂಡಿತು. ಪೆಟ್ರೋಲಿನ ಸಾಂದ್ರತೆ ಅಳೆಯುವ ಗಾಜಿನ ಕೊಳವೆಯೊಂದು ಗ್ಯಾರೇಜಿನಲ್ಲಿತ್ತು. ಅದನ್ನು ಮೇಲಿನ ಅಟ್ಟಕ್ಕೆ ಸೇರಿಸಿದವನು ಇವನೇ. ಅಲ್ಲಿಂದ ಯಾವಾಗಲೋ ಬಿದ್ದು ಒಡೆಯಿತು, ಯಾರೂ ಇನ್ನೊಂದು ತರಲಿಲ್ಲ. ಯಾವ ಕ್ಯಾನನ್ನು ಯಾವ ಬಂಕಿನಲ್ಲಿ ತುಂಬಿಸಿದ್ದು ಎಂದು ಮೊದಲೆಲ್ಲ ಬಣ್ಣದಲ್ಲಿ ಗುರುತು ಹಾಕುತ್ತಿದ್ದರು. ಮೂಗಣ್ಣ ಆ ಗುರುತುಗಳನ್ನೂ ಉಜ್ಜಿ ತೆಗೆಸಿದ. ನಾನಿರುವಾಗ ಗುರುತು ಯಾಕೆ, ಮುಚ್ಚಳ ತೆಗೆದು ಕೊಡಿ, ಅದರ ಹುಟ್ಟೂರು ಹೇಳ್ತೀನಿ ಎಂದ. ಜನ ನಕ್ಕು ಒಪ್ಪಿದರು.

ಅವನ ಒಬ್ಬಳೇ ಮಗಳೂ ಅದೇ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು. ಓದು ಮುಗಿಸಿ ಬಂದು ಸೇರಿ ಒಂಬತ್ತು ವರ್ಷವಾಗಿತ್ತು. ಹಿತ್ತಲಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಜೀಪೊಂದನ್ನು ಧಣಿ ಅವಳಿಗೆ ಬಿಟ್ಟುಕೊಟ್ಟಿದ್ದರು. ನಾಲ್ಕು ವರ್ಷ, ಸಿಕ್ಕ ಬಿಡುವಿನಲ್ಲೆಲ್ಲ, ಒಂದೊಂದೇ ನಟ್ಟು ಬಿಚ್ಚಿ ಅವಳು ಅದನ್ನು ಎಬ್ಬಿಸಿ ನಿಲ್ಲಿಸಿದ್ದಳು. ಸೇರಿದ ಮೊದಲ ತಿಂಗಳಲ್ಲೇ ಒಮ್ಮೆ, ಅಪ್ಪ ಬಗ್ಗುವ ಮೊದಲೇ, ಇದರಲ್ಲಿ ಸೀಮೆಎಣ್ಣೆ ಇದೆ ಎಂದುಬಿಟ್ಟಿದ್ದಳು. ಮೂಗಣ್ಣ ಬಗ್ಗಿದ, ಎದ್ದ, ನಕ್ಕ. ನಿನಗೆ ಮೂಗಿಲ್ಲ ಕಣಮ್ಮ ಎಂದ. ಎಲ್ಲರೂ ಅವಳ ಮೂಗು ನೋಡಿ ನಕ್ಕರು. ಆಮೇಲೆ ಅದೇ ಮಾತು ಗ್ಯಾರೇಜಿನ ಮಾಮೂಲಿ ತಮಾಷೆಯಾಯಿತು. ಅವಳು ಹೇಳಿದ್ದು ಸರಿಯಿತ್ತೋ ತಪ್ಪಿತ್ತೋ, ಅದನ್ನು ಯಾರೂ ಕೇಳಲಿಲ್ಲ.

ಕಳೆದ ಚಳಿಗಾಲದಲ್ಲಿ ಮೂಗಣ್ಣನಿಗೆ ಎಂಟು ದಿನ ಜ್ವರ. ಒಂಬತ್ತನೆಯ ದಿನ ಜ್ವರ ಬಿಟ್ಟಿತು, ಬಿಟ್ಟು ಹೋಗುವಾಗ ಮೂಗನ್ನೂ ಹೊತ್ತುಕೊಂಡು ಹೋಯಿತು. ಮೊದಲು ಕಂಡುಹಿಡಿದವಳು ಹೆಂಡತಿ. ಒಲೆಯ ಮೇಲೆ ಹಾಲಿಟ್ಟು ಮಹಡಿಗೆ ಬಟ್ಟೆ ಒಣಹಾಕಲು ಹೋಗಿದ್ದಳು. ಇಳಿದು ಬರುವಷ್ಟರಲ್ಲಿ ಹಾಲು ಸೀದು, ಪಾತ್ರೆ ಕರಕಲಾಗಿ, ಅಡುಗೆಮನೆಯೆಲ್ಲ ಕಮರು ವಾಸನೆ. ಎರಡು ಮಾರು ದೂರದ ಕುರ್ಚಿಯಲ್ಲಿ ಗಂಡ ಪೇಪರು ಹಿಡಿದು ಹಾಯಾಗಿ ಕೂತಿದ್ದ. ಅವಳು ಬಯ್ಯಲೆಂದು ಬಾಯಿ ತೆರೆದವಳು ಅವನ ಮುಖ ನೋಡಿ ಹಾಗೇ ನಿಂತಳು. ವೈದ್ಯರು ಮೂಗಿಗೆ ಬೆಳಕು ಬಿಟ್ಟು ನೋಡಿ, ವಾಸನೆ ವಾಪಸು ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ಅಷ್ಟು ಅವನಿಗೂ ಗೊತ್ತಿತ್ತು.

ಧಣಿಗೆ ಹೇಳಿಬಿಡಿ ಎಂದು ಹೆಂಡತಿ ದಿನಾ ಪೀಡಿಸಿದಳು. ಹೇಳುವುದು ಹೇಗೆ? ವಯಸ್ಸು ಐವತ್ತನಾಲ್ಕು. ಬೆನ್ನುಮೂಳೆ ಸವೆದು ಗಾಡಿಯ ಕೆಳಗೆ ಮಲಗಲಾಗದು. ಕಣ್ಣು ಮಂದ, ಸಣ್ಣ ಸ್ಕ್ರೂ ಕಾಣದು. ಧಣಿ ಬೆನ್ನು ತಟ್ಟಿ ಹೇಳುತ್ತಿದ್ದ ತಮಾಷೆಯೊಂದಿತ್ತು: "ಸಂಬಳ ನಿನ್ನ ಮೂಗಿಗಪ್ಪ. ಮಿಕ್ಕ ನೀನು ಬಿಟ್ಟಿ." ಇಪ್ಪತ್ತು ವರ್ಷ ಆ ಮಾತಿಗೆ ನಕ್ಕಿದ್ದವನು ಈಗ ಅದನ್ನು ಕೇಳಿದರೆ ಬೆವರುತ್ತಿದ್ದ. ಹೆಂಡತಿಗೆ ಮಾತ್ರ, ಈ ಬೇಸಿಗೆಯ ಪ್ರವಾಸ ಒಂದು ಮುಗಿಯಲಿ, ಆಮೇಲೆ ಹೇಳ್ತೀನಿ ಎಂದು ಮಾತು ಕೊಟ್ಟ, ಅಲ್ಲಿಯವರೆಗೆ ಮಗಳಿಗೂ ಹೇಳಕೂಡದು ಎಂದು ಮಾತು ತೆಗೆದುಕೊಂಡ.

ಅಲ್ಲಿಯವರೆಗೆ ಒಂದು ಉಪಾಯ ಹೂಡಿದ. ಮೂಗೊರೆಸಿಕೊಳ್ಳುವ ನೆವದಲ್ಲಿ ಮುಂಗೈಗೆ ಒಂದು ಹನಿ ಪೆಟ್ರೋಲು ಸವರಿಕೊಳ್ಳುವುದು. ಶುದ್ಧವಾಗಿದ್ದರೆ ತಣ್ಣಗೆ ಥಟ್ಟನೆ ಹಾರಿಹೋಗುತ್ತದೆ. ಸೀಮೆಎಣ್ಣೆ ಬೆರೆತಿದ್ದರೆ ಜಿಡ್ಡು ಉಳಿಯುತ್ತದೆ. ಆಮೇಲೆ ಎಂದಿನಂತೆ ಎಡಗಣ್ಣು ಮುಚ್ಚಿ, ಉಸಿರೆಳೆದು, ಎರಡು ತಟ್ಟು. ಚಳಿಗಾಲ ಪೂರ್ತಿ ಈ ನಾಟಕ ನಡೆಯಿತು. ಆದರೆ ಮೊದಲು ಪೆಟ್ರೋಲಿನ ಬಗ್ಗೆ ಬಾಯಿ ಬಿಟ್ಟರೆ ನಿಲ್ಲಿಸದವನು ಈಗ ತುಟಿ ಹೊಲಿದುಕೊಂಡಿರುತ್ತಿದ್ದ. ಗ್ಯಾರೇಜಿನ ಹಳೆಯ ಗಿರಾಕಿ, ನಿವೃತ್ತ ಮೇಷ್ಟ್ರೊಬ್ಬರು, ಮೂಗಣ್ಣ ಈಗ ಬರೀ ಮೂಗನಾಗಿಬಿಟ್ಟಿದ್ದಾನಲ್ಲ, ಮಾತೇ ಇಲ್ಲ ಎಂದು ಛೇಡಿಸಿದರು. ತಾವು ಎಲ್ಲಿ ಕೈಯಿಟ್ಟೆವೆಂದು ಆ ಪುಣ್ಯಾತ್ಮರಿಗೆ ತಿಳಿಯಲಿಲ್ಲ.

ಬೇಸಿಗೆ ಬಂತು, ಪ್ರವಾಸವೂ ಬಂತು. ಮೂರು ಜೀಪು, ಐದು ಜನ. ಮುಂದಿನದರಲ್ಲಿ ಧಣಿ ಮತ್ತು ಮೂಗಣ್ಣ, ಎರಡನೆಯದರಲ್ಲಿ ಧಣಿಯ ಭಾವಮೈದ ಮತ್ತು ಮೇಷ್ಟ್ರು, ಮೂರನೆಯದರಲ್ಲಿ, ತನ್ನದೇ ಗಾಡಿಯಲ್ಲಿ, ಮಗಳು ಒಬ್ಬಳೇ. ಮೂಗು ಹೋದರೂ ಲೆಕ್ಕ ಹೋಗಿರಲಿಲ್ಲ. ಟಾರು ರಸ್ತೆಯಲ್ಲಿ ಲೀಟರಿಗೆ ಆರು ಕಿಲೋಮೀಟರು, ಮರಳಿನಲ್ಲಿ ಮೂರೇ. ಮರಳಿನ ದಾರಿ ನಾನೂರ ಇಪ್ಪತ್ತು. ಅಂದರೆ ಗಾಡಿಗೆ ನೂರ ನಲವತ್ತು ಲೀಟರು, ದಾರಿ ತಪ್ಪಿದರೆ ಇರಲೆಂದು ಅದರ ಕಾಲುಭಾಗ ಹೆಚ್ಚು. ಟ್ಯಾಂಕಿನಲ್ಲಿ ಐವತ್ತೈದು, ಮಿಕ್ಕದ್ದು ಇಪ್ಪತ್ತು ಲೀಟರಿನ ಆರು ಕ್ಯಾನು. ಮೂರು ಗಾಡಿಗೆ ಹದಿನೆಂಟು ಕ್ಯಾನು. ಎಲ್ಲವನ್ನೂ ಊರಿನ ನಂಬಿಕೆಯ ಬಂಕಿನಲ್ಲೇ ತುಂಬಿಸಿದರು.

ಮರಳಿಗೆ ಇಳಿಯುವಾಗ ಟ್ಯಾಂಕು ತುಂಬಿರಬೇಕು, ಅದೂ ಊರಿನ ಪೆಟ್ರೋಲಿನಿಂದ, ಎಂಬುದು ಮೂಗಣ್ಣನ ಹಳೆಯ ಕಟ್ಟಳೆ. ಅದರಂತೆ ಇನ್ನೂರ ನಲವತ್ತು ಕಿಲೋಮೀಟರು ಟಾರು ರಸ್ತೆ ಮುಗಿದ ಮೇಲೆ ಗಾಡಿಗೆ ಎರಡರಂತೆ ಆರು ಕ್ಯಾನು ಟ್ಯಾಂಕುಗಳಿಗೆ ಸುರಿದರು. ಖಾಲಿಯಾದ ಆ ಆರನ್ನು ಅಲ್ಲಿದ್ದ ಕಡೆಯ ಬಂಕಿನಲ್ಲಿ ತುಂಬಿಸಬೇಕಿತ್ತು.

ಬಂಕೆಂದರೆ ಒಂದು ಪಂಪು, ಒಂದು ತಗಡಿನ ಮಾಡು, ಹರಕು ಕುರ್ಚಿಯಲ್ಲಿ ತೂಕಡಿಸುವ ಒಬ್ಬ ಮನುಷ್ಯ. ನಡುಮಧ್ಯಾಹ್ನ. ಮೂಗಣ್ಣ ಮುಚ್ಚಳ ಹಿಡಿದು ಮುಂಗೈಗೆ ಹನಿ ಸವರಿಕೊಂಡ. ಆ ಬಿಸಿಲಿನಲ್ಲಿ ಕೈಯೇ ಕಾದ ಹೆಂಚಾಗಿತ್ತು, ಮೇಲಿಂದ ಬೆವರು. ತಣ್ಣಗಾಯಿತೋ ಇಲ್ಲವೋ, ಉಳಿದದ್ದು ಜಿಡ್ಡೋ ಬೆವರೋ, ಒಂದೂ ತಿಳಿಯಲಿಲ್ಲ. ಇನ್ನೊಂದು ಹನಿ ಸವರಿಕೊಂಡ, ಅದೂ ಹಾಗೆಯೇ. ಅಷ್ಟರಲ್ಲಿ ಕ್ಯಾನು ಹಿಡಿದು ನಿಂತಿದ್ದ ಮಗಳು ಮೆಲ್ಲಗೆ ಅಂದಳು: "ಅಪ್ಪಾ, ಯಾಕೋ ಸೀಮೆಎಣ್ಣೆ ವಾಸನೆ ಬಂದ ಹಾಗಿದೆ."

ಎಲ್ಲರೂ ಇವನತ್ತ ತಿರುಗಿದರು. ಎಂಬತ್ತು ಕಿಲೋಮೀಟರು ಹಿಂದೆ ಇನ್ನೊಂದು ಬಂಕಿತ್ತು. ಹೌದು, ಬೇಡ, ಹಿಂದಕ್ಕೆ ಹೋಗೋಣ ಎಂದಿದ್ದರೆ ಅರ್ಧ ದಿನ ಹೋಗುತ್ತಿತ್ತು, ಅಷ್ಟೇ. ಆದರೆ ಹಾಗೆಂದರೆ, ಅವಳಿಗೆ ತಿಳಿದದ್ದು ನಿನಗೇಕೆ ಮೊದಲು ತಿಳಿಯಲಿಲ್ಲ ಎಂದು ಯಾರಾದರೂ ಕೇಳುತ್ತಾರೆ. ಆ ಪ್ರಶ್ನೆ ಕಣ್ಣ ಮುಂದೆ ಬಂದು ನಿಂತದ್ದೇ ಮೂಗಣ್ಣನ ಬಾಯಿಗೆ ಹಳೆಯ ಮಾತೇ ಬಂತು.

"ನಿನಗೆ ಮೂಗಿಲ್ಲ ಅಂತ ಎಷ್ಟು ಸಲ ಹೇಳ್ಬೇಕು?" ಎಂದು ಎರಡು ತಟ್ಟಿದ.

ಎಲ್ಲರೂ ನಕ್ಕರು. ಮಗಳೂ ಸ್ವಲ್ಪ ನಕ್ಕು ಕ್ಯಾನಿನ ಮುಚ್ಚಳ ಬಿಗಿದಳು. ಭಾರ ಸಮವಾಗಲೆಂದು ಭಾವಮೈದ ಹದಿನೆಂಟು ಕ್ಯಾನುಗಳನ್ನೂ ಮೂರು ಗಾಡಿಗೆ ಹಿಂದುಮುಂದು ಮಾಡಿ ಹಂಚಿ ಕಟ್ಟಿದ. ಯಾವುದರ ಮೇಲೂ ಗುರುತಿರಲಿಲ್ಲ.

ಅಲ್ಲಿಂದ ಮುಂದೆ ಮೂಗಣ್ಣನಿಗೆ ಮರಳೂ ಕಾಣಲಿಲ್ಲ, ಆಕಾಶವೂ ಕಾಣಲಿಲ್ಲ. ಧಣಿಯ ಪಕ್ಕ ಕೂತು ಹಿಂದಿನ ಎರಡು ಇಂಜಿನುಗಳ ಸದ್ದಿಗೆ ಕಿವಿಯಾಗಿದ್ದ. ಮಗಳು ಹೇಳಿದ್ದು ಸರಿ ಎಂದು ಅವನ ಒಳಮನಸ್ಸಿಗೆ ಗೊತ್ತಿತ್ತು. ಬಾಯಿ ತೆರೆಯೋಣವೆಂದು ಹತ್ತು ಸಲ ಧಣಿಯತ್ತ ತಿರುಗಿದ. ಹತ್ತೂ ಸಲ ಗಾಳಿಯ ಬಗ್ಗೆಯೋ ದಿಬ್ಬದ ಬಗ್ಗೆಯೋ ಏನೋ ಒಂದು ಹೇಳಿ ಮುಗಿಸಿದ. ಮೊದಲ ದಿನ ಊರಿನ ಪೆಟ್ರೋಲಿನಲ್ಲಿ ಗಾಡಿಗಳು ಚೆನ್ನಾಗಿಯೇ ಓಡಿದವು. ಎರಡನೆಯ ದಿನ ಗಾಡಿಗೆ ಎರಡರಂತೆ, ಕೈಗೆ ಸಿಕ್ಕ ಆರು ಕ್ಯಾನು ಸುರಿದರು.

ಒಂದು ಗಂಟೆಯೊಳಗೆ ಮಗಳ ಗಾಡಿ ಬಿಳಿ ಹೊಗೆ ಕಾರಿತು. ಇಂಜಿನಿನ ಒಳಗೆ ಯಾರೋ ಸುತ್ತಿಗೆ ಹಿಡಿದು ಕೂತಂತೆ ಟಕಟಕ ಸದ್ದು. ಅವಳು ನಿಲ್ಲಿಸಿದಳು. ಮೂಗಣ್ಣ ಇಳಿದು ಓಡಿ, ಏನಿಲ್ಲ, ಬಿಸಿಲಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗ್ತಿದೆ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಎಂದ. ಹಳೆಯ ಗಾಡಿಗಳಲ್ಲಿ ಅದು ಆಗುವ ಸಂಗತಿಯೇ, ಆದ್ದರಿಂದ ಎಲ್ಲರೂ ನಂಬಿದರು. ಕುಡಿಯುವ ನೀರಿನಲ್ಲಿ ಬಟ್ಟೆ ಅದ್ದಿದರು. ಬಟ್ಟೆ ಒಣಗಿತು, ಮತ್ತೆ ಅದ್ದಿದರು. ಒಂದು ಸುಳ್ಳಿಗೆ ಒಂದು ಇಡೀ ಕ್ಯಾನು ನೀರು ಹೋಯಿತು. ಮಗಳು ಪ್ಲಗ್ಗು ಬಿಚ್ಚಿ ಅಪ್ಪನಿಗೆ ತೋರಿಸಿದಳು. ಕರ್ರಗೆ, ಒದ್ದೆಯಾಗಿತ್ತು. ಅವನು ಅದನ್ನು ನೋಡದವನ ಹಾಗೆ, ಒರೆಸಿ ಹಾಕು, ಈ ದಿಬ್ಬ ಒಂದು ಹತ್ತಿಸು, ಸರಿಹೋಗತ್ತೆ ಎಂದ. ಅವಳು ಹತ್ತಿಸಿದಳು. ಅಪ್ಪ ಹೇಳಿದ್ದರಿಂದ ಹತ್ತಿಸಿದಳು. ಅರ್ಧ ದಿಬ್ಬದಲ್ಲಿ ಒಂದು ಸದ್ದಾಗಿ ಇಂಜಿನು ನಿಂತಿತು. ಪಿಸ್ಟನ್ನು ತೂತಾಗಿತ್ತು. ಅದೇ ಹೊತ್ತಿಗೆ ಭಾವಮೈದನ ಗಾಡಿಯೂ ಕೆಮ್ಮಲು ಶುರುಮಾಡಿತು.

ಧಣಿ ಸೊಂಟದ ಮೇಲೆ ಕೈಯಿಟ್ಟು ನಿಂತರು. ಆ ಬಂಕಿನ ಪೆಟ್ರೋಲಿನದೇ ಕೆಲಸ ಎಂದು ಅವರಿಗೆ ತಿಳಿದುಹೋಗಿತ್ತು. ಆದರೆ ಅವರ ದನಿಯಲ್ಲಿ ಗಾಬರಿಯಿರಲಿಲ್ಲ.

"ಈ ಸಲ ನಿನ್ನ ಮೂಗೂ ತಪ್ಪು ಮಾಡಿತಲ್ಲೋ. ಇರಲಿ, ದೇವರಿಗೂ ತಪ್ಪತ್ತೆ. ಈಗ ಊರಿಂದು ಯಾವುದು, ಬಂಕಿಂದು ಯಾವುದು, ಬೇರೆ ಮಾಡಿ ಕೊಡು."

ಉಳಿದಿದ್ದ ಹನ್ನೆರಡು ಕ್ಯಾನುಗಳನ್ನು ಇಳಿಸಿ ಮರಳಿನ ಮೇಲೆ ಸಾಲಾಗಿ ಇಟ್ಟರು. ಮೂಗಣ್ಣ ಮುಚ್ಚಳ ಹಿಡಿದು ಮಂಡಿಯೂರಿದ. ಧಣಿ, ಭಾವಮೈದ, ಮೇಷ್ಟ್ರು ಸುತ್ತ ನಿಂತರು. ಮಗಳು ತನ್ನ ಗಾಡಿಯ ನೆರಳಿನಲ್ಲಿ, ಆ ಕರಿ ಪ್ಲಗ್ಗನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ಅವನು ಎಡಗಣ್ಣು ಮುಚ್ಚಿದ. ಉಸಿರೆಳೆದ. ಬಿಸಿಗಾಳಿ ಒಳಗೆ ಹೋಯಿತು, ಬಿಸಿಗಾಳಿ ಹೊರಗೆ ಬಂತು. ಎಲ್ಲದಕ್ಕೂ ತಟ್ಟಿಬಿಟ್ಟರೆ ಹೇಗೆ ಎಂದು ಅವನ ತಲೆ ಆಗಲೂ ಲೆಕ್ಕ ಹಾಕಿತು. ಹದಿನೆಂಟರಲ್ಲಿ ಕೆಟ್ಟದ್ದು ಆರು, ಮೂರಕ್ಕೆ ಎರಡು ಪಾಲು ಸರಿಯೇ ಆಗುತ್ತದೆ. ಆದರೆ ಒಂದು ಕೆಟ್ಟ ಕ್ಯಾನು ಒಳ್ಳೆಯ ಟ್ಯಾಂಕಿಗೆ ಬಿದ್ದರೆ ಅದೂ ಹಾಳು. ಮುಂದೆ ಇನ್ನೂರ ಇಪ್ಪತ್ತು ಕಿಲೋಮೀಟರು ಮರಳು. ನೀರು ಎರಡು ದಿನಕ್ಕೆ ಸಾಕಾದರೆ ಹೆಚ್ಚು. ಬೆರಳು ಎತ್ತಿದವನು ಇಳಿಸಿದ.

"ನನಗೆ ವಾಸನೆ ಬರ್ತಿಲ್ಲ ಧಣಿ."

"ಹಾಗಾದ್ರೆ ಅದು ಒಳ್ಳೇದಾ, ಕೆಟ್ಟದ್ದಾ?" ಎಂದರು ಧಣಿ.

ಒಮ್ಮೆ ಹೇಳುವುದಕ್ಕೇ ಆರು ತಿಂಗಳು ಹಿಡಿದಿತ್ತು, ಈಗ ಎರಡನೆಯ ಸಲ ಬಿಡಿಸಿ ಹೇಳಬೇಕು. "ಈ ಕ್ಯಾನಿಂದು ಮಾತ್ರ ಅಲ್ಲ. ಯಾವುದರದ್ದೂ ಬರಲ್ಲ. ಹೋದ ಚಳಿಗಾಲದ ಜ್ವರದಿಂದ ಏನೂ ಬರಲ್ಲ. ಬಂಕಲ್ಲಿ ಸುಮ್ನೆ ತಟ್ಟಿದೆ."

ಭಾವಮೈದ ಕೆಟ್ಟದಾಗಿ ಬೈದ. ಧಣಿ ಬೈಯಲಿಲ್ಲ, ಒಂದು ಕ್ಯಾನಿನ ಮೇಲೆ ಕೂತುಬಿಟ್ಟರು. ಅವರು ಬೈದಿದ್ದರೆ ಚೆನ್ನಾಗಿತ್ತು ಎಂದು ಮೂಗಣ್ಣನಿಗೆ ಅನ್ನಿಸಿತು. ಕಡೆಗೆ ಮೇಷ್ಟ್ರು, ಆ ಹುಡುಗಿ ಬಂಕಿನಲ್ಲೇ ಹೇಳಿದ್ದಳಲ್ಲ, ಅವಳನ್ನೇ ಕೇಳಿ ಎಂದರು.

ಮಗಳು ತಲೆಯೆತ್ತಿದಳು. "ನಂಗೆ ಮೂಗಿಲ್ಲ ಸಾರ್," ಎಂದಳು.

ಕೊಂಕಿಗೆ ಹೇಳಿದ್ದಲ್ಲ. ಒಂಬತ್ತು ವರ್ಷ ಕೇಳಿ ಕೇಳಿ ನಂಬಿದ್ದನ್ನೇ ಹೇಳಿದ್ದಳು. ಆ ಮಾತು ಮೂಗಣ್ಣನಿಗೆ ಭಾವಮೈದನ ಬೈಗುಳಕ್ಕಿಂತ ಆಳಕ್ಕೆ ಇಳಿಯಿತು. ಅವನು ಎದ್ದು ಹೋಗಿ ಅವಳ ಕೈಯಿಂದ ಪ್ಲಗ್ಗು ತೆಗೆದುಕೊಂಡು ಮುಚ್ಚಳ ಇಟ್ಟ.

"ನಿನಗೆ ತಿಳಿಯತ್ತೆ. ನೋಡು. ನನ್ನ ಮುಖ ಮಾತ್ರ ನೋಡ್ಬೇಡ."

ಅವಳು ಮೊದಲ ಕ್ಯಾನಿನ ವಾಸನೆ ಎಳೆದು ಅಭ್ಯಾಸಬಲದಿಂದ ಅಪ್ಪನ ಮುಖವನ್ನೇ ನೋಡಿದಳು. ಸರಿಯೋ ತಪ್ಪೋ ಎಂಬುದು ಇಷ್ಟು ವರ್ಷ ಅಲ್ಲೇ ಬರೆದಿರುತ್ತಿತ್ತು. ಅವನು ಬೆನ್ನು ತಿರುಗಿಸಿ ಕೂತ. ಹಿಂದೆ ಒಂದೊಂದೇ ಮುಚ್ಚಳ ತೆರೆಯುವ ಸದ್ದು, ಉಸಿರೆಳೆಯುವ ಸದ್ದು, ಇದು ಇರಲಿ, ಇದು ಬೇಡ ಎನ್ನುವ ಅವಳ ಸಣ್ಣ ದನಿ. ಎಂಟನೆಯದರ ಬಳಿ ಬಹಳ ಹೊತ್ತು ನಿಂತಳು. "ಅಪ್ಪಾ, ಇದು ಗೊತ್ತಾಗ್ತಿಲ್ಲ," ಎಂದಳು. ಅವಳು ತಾನೇ ನಿರ್ಧರಿಸಿ ಅದನ್ನು ಬೇಡದ ಸಾಲಿಗೆ ಸರಿಸಿದಳು. ಕಡೆಗೆ ಎಂಟು ಕ್ಯಾನು ಈ ಕಡೆ, ನಾಲ್ಕು ಆ ಕಡೆ.

ಉಳಿದದ್ದು ಲೆಕ್ಕ, ಅದನ್ನು ಮೂಗಣ್ಣನೇ ಹೇಳಬೇಕಾಯಿತು. ಎಂಟು ಕ್ಯಾನೆಂದರೆ ನೂರ ಅರವತ್ತು ಲೀಟರು. ಭಾವಮೈದನ ಟ್ಯಾಂಕನ್ನು ಬಸಿದು ಇದನ್ನು ತುಂಬಿದರೆ ಎರಡು ಗಾಡಿ ದಾಟುತ್ತವೆ. ಮೂರನೆಯದನ್ನು ಎಳೆದುಕೊಂಡು ಹೋಗುವಷ್ಟು ಪೆಟ್ರೋಲಿಲ್ಲ. ಮೂರನೆಯದು ಯಾವುದೆಂದು ಅವನು ಬಾಯಿಬಿಟ್ಟು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಮರುದಿನ ಬೆಳಕು ಹರಿಯುತ್ತಲೇ ಹೊರಟರು. ಮಗಳು ತನ್ನ ಗಾಡಿಯ ಬಾನೆಟ್ಟಿಗೆ ತಾಡಪಾಲು ಹೊದೆಸಿ ನಾಲ್ಕೂ ಮೂಲೆ ಬಿಗಿದು ಕಟ್ಟಿದಳು. ಮೂಗಣ್ಣ ಒಂದು ಮೂಲೆ ಹಿಡಿಯಲು ಕೈ ಚಾಚಿದ. ಅವಳು ಅದನ್ನೂ ತಾನೇ ಕಟ್ಟಿದಳು. ಭಾವಮೈದ ಮತ್ತು ಮೇಷ್ಟ್ರು ಹೋಗಿ ಧಣಿಯ ಗಾಡಿ ಹತ್ತಿದರು. ಇವನ ಜೊತೆ ಕೂರಲು ಯಾರಿಗೂ ಮನಸ್ಸಿರಲಿಲ್ಲ. ಹಾಗಾಗಿ ಭಾವಮೈದನ ಗಾಡಿಯಲ್ಲಿ ಉಳಿದವರು ಅಪ್ಪ, ಮಗಳು. ಅವಳು ಓಡಿಸುತ್ತಿದ್ದಳು. ಇಂಜಿನು ತಕರಾರಿಲ್ಲದೆ ಓಡುತ್ತಿತ್ತು, ಅವಳ ಮೂಗು ತಪ್ಪಿರಲಿಲ್ಲ.

ಇಪ್ಪತ್ತು ಕಿಲೋಮೀಟರು ದಾಟಿದರು. ನೀನು ಹೇಳಿದ್ದೇ ಸರಿಯಾಯ್ತು ನೋಡು ಎಂದು ಅವನು ಒಮ್ಮೆ ಅಂದ. ಅವಳು ಗೇರು ಬದಲಿಸಿದಳು. ಮತ್ತೊಂದು ದಿಬ್ಬ ಇಳಿದ ಮೇಲೆ, ದಾರಿಯ ಮೇಲಿಂದ ಕಣ್ಣು ತೆಗೆಯದೆ ಕೇಳಿದಳು.

"ನಿಮ್ಮ ಮೂಗು ಹೋಗಿದ್ದು ಹೋದ ಚಳಿಗಾಲ. ಅದಕ್ಕಿಂತ ಮುಂಚೆ ಅಷ್ಟು ವರ್ಷ ನಂಗೆ ಮೂಗಿಲ್ಲ ಅಂತಿದ್ರಲ್ಲ ಅಪ್ಪಾ, ಅದ್ಯಾಕೆ?"

ನಿನ್ನೆ ಧಣಿಯ ಮುಂದೆ ಎಲ್ಲ ಕಕ್ಕಿ ಮುಗಿಸಿದೆ ಎಂದುಕೊಂಡಿದ್ದ ಮೂಗಣ್ಣ. ಅದಕ್ಕಿಂತ ಹಳೆಯದೊಂದು ಅಡಿಯಲ್ಲಿ ಕೂತಿತ್ತು. ಮೊದಲ ತಿಂಗಳ ಆ ಮುಚ್ಚಳ ನೆನಪಾಯಿತು. ಅದರಲ್ಲಿ ಸೀಮೆಎಣ್ಣೆ ಇತ್ತು. ಅವಳು ನಿಂತ ಕಡೆಯಿಂದಲೇ ಹಿಡಿದಿದ್ದಳು, ಅವನಿಗೆ ಬಗ್ಗಿದ ಮೇಲೆ ತಿಳಿದಿತ್ತು. ಆ ಕ್ಷಣ ಎದೆಗೆ ಏನೋ ಚುಚ್ಚಿದಂತಾಗಿತ್ತು, ಅದು ಸಂತೋಷವಂತೂ ಅಲ್ಲ. ಎಲ್ಲರೂ ಹೋದ ಮೇಲೆ ಆ ಪೆಟ್ರೋಲಿದ್ದ ಡ್ರಮ್ಮನ್ನು ಒಬ್ಬನೇ ಹಿತ್ತಲಿಗೆ ಉರುಳಿಸಿ ಚೆಲ್ಲಿ ಬಂದಿದ್ದ.

"ನಿನಗೆ ಇತ್ತು," ಎಂದ. "ಮೊದಲ ದಿನದಿಂದ ಇತ್ತು. ನನಗಿಂತ ಚೆನ್ನಾಗಿತ್ತು. ಅದು ಧಣಿಗೆ ತಿಳಿದರೆ ನಾನು ಯಾಕೆ ಬೇಕಿತ್ತು?"

ಮಗಳು ಗಾಡಿ ನಿಲ್ಲಿಸಲಿಲ್ಲ, ಜೋರಾಗಿ ಬಿಡಲೂ ಇಲ್ಲ. ಪಕ್ಕದ ಕನ್ನಡಿಯಲ್ಲಿ ಒಮ್ಮೆ ಹಿಂದಕ್ಕೆ ನೋಡಿದಳು. ಹೊದಿಕೆ ಹೊದ್ದ ಅವಳ ಗಾಡಿ ಎಂದೋ ಮರೆಯಾಗಿತ್ತು. ಮೂಗಣ್ಣ ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು ಕೂತ. ಇಳಿದು ಎಲ್ಲಿಗಾದರೂ ಹೋಗಿಬಿಡೋಣವೆಂದರೆ ನಾಲ್ಕೂ ಕಡೆ ಮರಳು, ಮುಂದೆ ಇನ್ನೂ ಇನ್ನೂರು ಕಿಲೋಮೀಟರು ಇತ್ತು.